ಕಪ್ಪು ಪರದೆಯ ಇ-ಮೇಲಿಗೆ ಕನ್ನಡ ಬಂದ ಕಥೆ

ಬೆಂಗಳೂರಿಗೆ ಕೆಲಸದ ಮೇಲೆ ಹೋದಾಗಲೆಲ್ಲ ನಾನು ಬಿಟಿಎಂ ಲೇಔಟ್‌ನಲ್ಲಿ ನಮ್ಮೂರಿನ ಹುಡುಗನೊಬ್ಬನ ರೂಮಿನಲ್ಲಿ ಉಳಿದುಕೊಳ್ಳುತ್ತೇನೆ. ಕಂಪ್ಯೂಟರ್ ಕಂಪನಿಯೊಂದರಲ್ಲಿ ಅವನ ಕೆಲಸ. ಕಳೆದ ಸಲ ಹೋದಾಗ, ನಮ್ಮ ಹೋಬಳಿಯ ಕೆರೆ ಒತ್ತುವರಿ ಬಗ್ಗೆ ಬರೆದ ಸುದ್ದಿಯನ್ನು ಅವನಿಗೂ ಒಂದು ಪ್ರತಿ ಇ-ಮೇಲ್ ಮಾಡಿದ್ದೆ. ಅವನು ಲ್ಯಾಪ್‌ಟಾಪ್ ತೆರೆದು, "ಅಣ್ಣ, ಇಲ್ಲಿ ನೋಡಿ, ನಿಮ್ಮ ಸುದ್ದಿಗೆ ಏನಾಗಿದೆ" ಎಂದ.

ಪೂರ್ತಿ ಕಪ್ಪು ಪರದೆ. ಅದರ ಮೇಲೆ ಬಿಳಿ ಅಕ್ಷರಗಳು. ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ, ಮೌಸ್ ಮುಟ್ಟುವ ಹಾಗಿಲ್ಲ. ಎಲ್ಲವೂ ಕೀಲಿಮಣೆಯಿಂದಲೇ. ನನ್ನ ಸುದ್ದಿ ಅಲ್ಲಿ ಬಂದಿತ್ತು, ಆದರೆ ಒತ್ತಕ್ಷರಗಳು ತಾಯಿ ಅಕ್ಷರವನ್ನು ಬಿಟ್ಟು ಪಕ್ಕಕ್ಕೆ ಸರಿದಿದ್ದವು. ದೀರ್ಘಗಳು ಮುಂದಿನ ಪದದ ಮೇಲೆ ಹತ್ತಿ ಕೂತಿದ್ದವು. "ಕ್ಷೇತ್ರ" ಎಂಬ ಪದ ಮೂರು ಚೂರಾಗಿತ್ತು.

"ಈ ಕಾಲದಲ್ಲೂ ಇಂಥದ್ದು ಬಳಸ್ತೀಯೇನೋ?" ಎಂದೆ. "ನಮ್ಮ ಕೆಲಸ ನಡೆಯೋದೇ ಇದರಲ್ಲಿ ಅಣ್ಣ" ಎಂದ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಡಲಲ್ಲಿ ಲಿನಕ್ಸ್ ಎಂಬ ತಂತ್ರಾಂಶವಿದೆ. ಅದನ್ನು ತಿದ್ದುವ ಜನ ಜಗತ್ತಿನಾದ್ಯಂತ ಚದುರಿದ್ದಾರೆ. ಅವರು ತಮ್ಮ ತಿದ್ದುಪಡಿಗಳನ್ನು ಇವತ್ತಿಗೂ ಸಾದಾ ಅಕ್ಷರದ ಇ-ಮೇಲ್‌ನಲ್ಲಿ ಕಳಿಸುತ್ತಾರೆ. ಬಣ್ಣಬಣ್ಣದ ಇ-ಮೇಲ್ ತಂತ್ರಾಂಶಗಳು ಸಾಲುಗಳನ್ನು ತಾವಾಗಿ ಮುರಿದು, ಖಾಲಿ ಜಾಗಗಳನ್ನು ಬದಲಿಸಿ ಆ ತಿದ್ದುಪಡಿಯನ್ನೇ ಕೆಡಿಸಿಬಿಡುತ್ತವಂತೆ. ಅದಕ್ಕೇ ಕಪ್ಪು ಪರದೆಯ ಮಟ್, ಆಲ್ಪೈನ್ ಮುಂತಾದವು ಇನ್ನೂ ಬದುಕಿವೆ.

ಆ ರಾತ್ರಿ ನಾವು ಮಾತಾಡಿದ್ದು, ಆಮೇಲೆ ನಾನು ಓದಿಕೊಂಡದ್ದು ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಇ-ಮೇಲ್ ಎಂಬ ವಸ್ತುವನ್ನು ಯಾರೋ ಒಬ್ಬರು ಕೂತು ಪೂರ್ತಿಯಾಗಿ ಮಾಡಿಟ್ಟದ್ದಲ್ಲ. ಪ್ರತಿ ಕಾಲದಲ್ಲೂ ಅದರಲ್ಲಿ ಏನೋ ಒಂದು ಇರಲಿಲ್ಲ. ಆ ಕೊರತೆಯಿಂದ ಬೇಸತ್ತವರು ಯಾರೋ ಅದನ್ನು ಸೇರಿಸಿದರು. ಇರದಿದ್ದವುಗಳ ಆ ಪಟ್ಟಿಯಲ್ಲಿ ಕನ್ನಡವೂ ಒಂದು.

ಮೊದಲಿನಿಂದ ಹೇಳುತ್ತೇನೆ. 1965ರಲ್ಲಿ ಅಮೆರಿಕದ ಎಂಐಟಿಯಲ್ಲಿ ಟಾಮ್ ವಾನ್ ವ್ಲೆಕ್ ಮತ್ತು ನೋಯಲ್ ಮಾರಿಸ್ ಎಂಬ ಇಬ್ಬರು 'ಮೇಲ್' ಎಂಬ ಆಜ್ಞೆ ಬರೆದರು. ಆಗ ಕಂಪ್ಯೂಟರ್ ಎಂದರೆ ಒಂದು ಕೋಣೆ ತುಂಬುವ ಯಂತ್ರ, ಅದನ್ನೇ ಹತ್ತಾರು ಜನ ಸರದಿಯಲ್ಲಿ ಬಳಸಬೇಕು. ಅದೇ ಯಂತ್ರ ಬಳಸುವ ಇನ್ನೊಬ್ಬರಿಗೆ ಮಾತ್ರ ಪತ್ರ ಬಿಡಬಹುದಿತ್ತು. ಮನೆಯೊಳಗೇ ಗೂಡಿನಲ್ಲಿ ಚೀಟಿ ಇಟ್ಟಂತೆ. ಪಕ್ಕದ ಯಂತ್ರಕ್ಕೂ ಹೋಗುತ್ತಿರಲಿಲ್ಲ.

1971ರಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ ಈ ಗೋಡೆ ಒಡೆದರು. ಬಿಬಿಎನ್ ಎಂಬ ಕಂಪನಿಯಲ್ಲಿ ಅವರ ಕೆಲಸ. ಅಲ್ಲಿ ಎಸ್‌ಎನ್‌ಡಿಎಂಎಸ್‌ಜಿ ಎಂಬ ಪತ್ರ ಬಿಡುವ ತಂತ್ರಾಂಶ ಆಗಲೇ ಇತ್ತು. ಒಂದು ಯಂತ್ರದಿಂದ ಇನ್ನೊಂದಕ್ಕೆ ಕಡತ ಸಾಗಿಸುವ ಬೇರೆ ಒಂದು ತಂತ್ರಾಂಶವೂ ಇತ್ತು. ಟಾಮ್ಲಿನ್ಸನ್ ಮಾಡಿದ್ದು ಇವೆರಡನ್ನೂ ಸೇರಿಸಿ ಹೊಲಿದದ್ದು, ಅಷ್ಟೇ. ಹೆಸರು ಯಾವುದು, ಯಂತ್ರ ಯಾವುದು ಎಂದು ಬೇರ್ಪಡಿಸಲು ಒಂದು ಗುರುತು ಬೇಕಿತ್ತು. ಜನರ ಹೆಸರಿನಲ್ಲಿ ಎಂದೂ ಬರದ @ ಚಿಹ್ನೆಯನ್ನು ಆರಿಸಿಕೊಂಡರು. ಮೊದಲ ಪತ್ರ ಹೋದದ್ದು ಒಂದೇ ಕೋಣೆಯಲ್ಲಿ ಪಕ್ಕಪಕ್ಕ ಇದ್ದ ಎರಡು ಯಂತ್ರಗಳ ನಡುವೆ. ಅದರಲ್ಲಿ ಏನು ಬರೆದಿದ್ದೆ ಎಂಬುದು ಅವರಿಗೇ ಮರೆತುಹೋಗಿತ್ತು. ಯಾರೂ ಇದನ್ನು ಮಾಡಿ ಎಂದು ಅವರಿಗೆ ಹೇಳಿರಲಿಲ್ಲ.

ಕಳಿಸುವುದು ಬಂತು, ಓದುವುದು? ಬಂದ ಪತ್ರಗಳೆಲ್ಲ ಒಂದೇ ಉದ್ದನೆಯ ಸುರುಳಿಯಂತೆ ಒಂದರ ಹಿಂದೊಂದು ಬಂದು ಬೀಳುತ್ತಿದ್ದವು. ಹತ್ತನೆಯದು ಬೇಕೆಂದರೆ ಮೊದಲ ಒಂಬತ್ತನ್ನು ದಾಟಬೇಕು. 1972ರಲ್ಲಿ ಲಾರಿ ರಾಬರ್ಟ್ಸ್ ಇದಕ್ಕೆ ಪರಿಹಾರ ಬರೆದರು. ಇವರು ಸಣ್ಣವರಲ್ಲ, ಇಂಟರ್‌ನೆಟ್‌ನ ತಾಯಿಬೇರಾದ ಅರ್ಪಾನೆಟ್ ಯೋಜನೆಯ ಹೊಣೆ ಹೊತ್ತಿದ್ದ ಅಧಿಕಾರಿ. ಆದರೂ ತಾವೇ ಕೂತು ಆರ್‌ಡಿ ಎಂಬ ಸಣ್ಣ ತಂತ್ರಾಂಶ ಬರೆದರು. ಪತ್ರಗಳ ಪಟ್ಟಿ ತೋರಿಸುವುದು, ಬೇಕಾದ್ದನ್ನು ಆರಿಸಿ ಓದುವುದು, ಬೇಡದ್ದನ್ನು ಅಳಿಸುವುದು ಅದರಿಂದ ಸಾಧ್ಯವಾಯಿತು. ನಮ್ಮಲ್ಲಿ ಯಾವ ಇಲಾಖೆಯ ಮುಖ್ಯಸ್ಥರು ತಮ್ಮ ಟಪಾಲು ವಿಂಗಡಿಸಲು ತಾವೇ ಕೂತಾರು ಎಂದು ನನಗೆ ನಗು ಬಂತು.

ಇಷ್ಟಾದರೂ ಒಂದು ಮುಖ್ಯ ವಸ್ತು ಇರಲಿಲ್ಲ. ಉತ್ತರ ಕೊಡುವ ಆಜ್ಞೆ! ಪತ್ರ ಬಂದರೆ, ಕಳಿಸಿದವರ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು, ಹೊಸ ಪತ್ರ ಶುರುಮಾಡಿ, ಆ ವಿಳಾಸವನ್ನು ಒಂದಕ್ಷರವೂ ತಪ್ಪದೆ ಟೈಪ್ ಮಾಡಬೇಕಿತ್ತು. 1975ರಲ್ಲಿ ಜಾನ್ ವಿಟ್ಟಲ್ ಎಂಬವರು ಎಂಎಸ್‌ಜಿ ಎಂಬ ತಂತ್ರಾಂಶದಲ್ಲಿ 'ಆನ್ಸರ್' ಎಂಬ ಆಜ್ಞೆ ಸೇರಿಸಿದರು. ಒಂದು ಕೀಲಿ ಒತ್ತಿದರೆ ವಿಳಾಸ ತಾನೇ ಬಂದು ಕೂರುತ್ತದೆ. (ಹೆಸರು ನೋಡಿ ನಮ್ಮ ಪಂಢರಾಪುರದ ವಿಠ್ಠಲ ಎಂದುಕೊಂಡಿದ್ದೆ. ಅಲ್ಲ, ಅವರು ಅಮೆರಿಕದವರೇ.) ನೀವು ದಿನಕ್ಕೆ ನೂರು ಸಲ ವಾಟ್ಸ್‌ಆ್ಯಪ್‌ನಲ್ಲಿ ಒತ್ತುವ 'ರಿಪ್ಲೈ'ಯ ಮೂಲಪುರುಷ ಅದು.

ಆಮೇಲೆ ಬಂದವು ಮರದ ಹೆಸರಿನ ತಂತ್ರಾಂಶಗಳು. ಮೊದಲು ಎಲ್ಮ್. ಅದರ ನಂತರ, 1989ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪೈನ್ ಕೆಲಸ ಶುರುವಾಯಿತು. ಕಂಪ್ಯೂಟರ್ ಪಂಡಿತರಲ್ಲದ ಕಚೇರಿ ಸಿಬ್ಬಂದಿಗೂ ಅರ್ಥವಾಗಬೇಕು ಎಂದು ಪರದೆಯ ಕೆಳಗೆ ಯಾವ ಕೀಲಿ ಏನು ಮಾಡುತ್ತದೆ ಎಂದು ಬರೆದಿಟ್ಟರು. ಪತ್ರ ಬರೆಯಲು ಪೀಕೋ ಎಂಬ ಸುಲಭದ ಬರಹ ಸಾಧನವನ್ನೂ ಜೊತೆಗೆ ಕೊಟ್ಟರು.

ಪೈನ್‌ಗೆ ಒಂದು ವಿಚಿತ್ರ ಕಟ್ಟಳೆ ಇತ್ತು. ಅದರ ಒಳಬರಹವನ್ನು ಯಾರು ಬೇಕಾದರೂ ಓದಬಹುದು, ಆದರೆ ತಿದ್ದಿದ ಪ್ರತಿಯನ್ನು ಅನುಮತಿಯಿಲ್ಲದೆ ಹಂಚುವಂತಿಲ್ಲ. ಹಾಗಾದರೆ ಇಲ್ಲದ್ದನ್ನು ಸೇರಿಸುವುದು ಹೇಗೆ? ಜನ ದಾರಿ ಹುಡುಕಿದರು. ಇಡೀ ಅಂಗಿಯನ್ನು ಕೊಡುವ ಬದಲು ತೇಪೆಯನ್ನಷ್ಟೇ ಕೊಡುವುದು. "ಇಂಥ ಸಾಲು ತೆಗೆಯಿರಿ, ಇಂಥ ಸಾಲು ಸೇರಿಸಿ" ಎಂದು ಹೇಳುವ ಸಣ್ಣ ಕಡತವೇ ಈ ತೇಪೆ. ಕಂಪ್ಯೂಟರ್ ಜನ 'ಪ್ಯಾಚ್' ಅನ್ನುತ್ತಾರೆ. ಎಡ್ವಾರ್ಡೊ ಚಾಪ್ಪಾ ಎಂಬ ಗಣಿತಜ್ಞರು ಪೈನ್‌ಗೆ ವರ್ಷಗಟ್ಟಲೆ ಇಂಥ ತೇಪೆ ಹೊಲಿದುಕೊಟ್ಟರು. ನನ್ನ ಗೆಳೆಯ ಬಳಸುವ ಮಟ್‌ನದೂ ಇದೇ ಕಥೆ. 1995ರಲ್ಲಿ ಮೈಕೆಲ್ ಎಲ್ಕಿನ್ಸ್ ಅದನ್ನು ಬರೆದರು. ಪತ್ರಪೆಟ್ಟಿಗೆಗಳ ಪಟ್ಟಿಯನ್ನು ಎಡಬದಿಯಲ್ಲಿ ತೋರಿಸುವ ಒಂದು ಸೌಲಭ್ಯ, ಜನ ಕೇಳಿದರೂ, ಸುಮಾರು ಒಂದು ದಶಕ ಹೊರಗಿನ ತೇಪೆಯಾಗಿಯೇ ಉಳಿದಿತ್ತು. ಮೂಲ ಮಟ್‌ನ ಒಳಗೆ ಸೇರಿದ್ದು 2016ರಲ್ಲಿ. ನಮ್ಮೂರ ರಸ್ತೆಯ ಮಂಜೂರಾತಿಯೇ ವಾಸಿ ಅನ್ನಿಸಿತು.

ಇನ್ನು ನಮ್ಮ ಕಡೆ ಬರೋಣ.

ಭಾರತಕ್ಕೆ ಇ-ಮೇಲ್ ಬಂದದ್ದು ಅರ್ನೆಟ್ ಯೋಜನೆಯಿಂದ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಶುರುಮಾಡಿತು. ಮುಂಬೈನ ಎನ್‌ಸಿಎಸ್‌ಟಿ, ಐದು ಐಐಟಿಗಳು ಹಾಗೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರಲ್ಲಿದ್ದವು. ಟೆಲಿಫೋನ್ ತಂತಿಯ ಮೇಲೆ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕರೆ ಮಾಡಿ, ಕೂಡಿಟ್ಟ ಪತ್ರಗಳನ್ನು ದಾಟಿಸುತ್ತಿತ್ತು. ಅಂಚೆ ಬಸ್ಸು ಊರೂರಿನ ಚೀಲ ಇಳಿಸಿ ಹೋದಂತೆ. ಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಸೇವೆ ಶುರುಮಾಡಿದಾಗ. ಮೊದಲು ನಾಲ್ಕು ಮಹಾನಗರಗಳಿಗೆ, ಸ್ವಲ್ಪದರಲ್ಲೇ ಬೆಂಗಳೂರಿಗೂ ಬಂತು.

ಚಿತ್ರ ಕಾಣುವ ಸಂಪರ್ಕ ದುಬಾರಿ. ವಿದ್ಯಾರ್ಥಿಗಳಿಗೆ ಎಟುಕುತ್ತಿದ್ದದ್ದು 'ಶೆಲ್ ಅಕೌಂಟ್', ಅಂದರೆ ಅಕ್ಷರ ಮಾತ್ರ ಕಾಣುವ ಕಪ್ಪು ಪರದೆ. ಅದರಲ್ಲಿ ಇ-ಮೇಲ್‌ಗೆ ಇದ್ದದ್ದು ಇದೇ ಪೈನ್. ಜಯನಗರ, ಬನಶಂಕರಿ ಕಡೆಯ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕಕ್ಕೆ ಹೋಗತೊಡಗಿದ್ದ ಕಾಲ ಅದು. ಐಎಸ್‌ಡಿ ಕರೆಗೆ ನಿಮಿಷಕ್ಕೆ ಹತ್ತಾರು ರೂಪಾಯಿ ಸುರಿಯುವ ಬದಲು ಇ-ಮೇಲ್ ಬಂತು. ಆದರೆ ಅಮ್ಮನಿಗೆ ಬರೆಯುವ ಪತ್ರ ಯಾವ ಲಿಪಿಯಲ್ಲಿ?

ಇಂಗ್ಲಿಷ್ ಲಿಪಿಯಲ್ಲೇ ಕನ್ನಡ. ಬೇರೆ ದಾರಿಯೇ ಇರಲಿಲ್ಲ. ಇದರಲ್ಲಿ ಒಂದು ಪಜೀತಿ. ಇಂಗ್ಲಿಷಿನ ಒಂದೇ 'ಎಲ್' ನಮ್ಮ ಲಕಾರಕ್ಕೂ ಆಗಬೇಕು, ಳಕಾರಕ್ಕೂ ಆಗಬೇಕು. ನಮ್ಮ ಹಳ್ಳಿ ಚೆನ್ನಾಗಿದೆ ಎಂದು ಬರೆದರೆ ನಮ್ಮ ಹಲ್ಲಿ ಚೆನ್ನಾಗಿದೆ ಎಂದೂ ಓದಬಹುದು. ಅದಕ್ಕೆ ಸಣ್ಣ 'ಎಲ್' ಲಕಾರಕ್ಕೆ, ದೊಡ್ಡ 'ಎಲ್' ಳಕಾರಕ್ಕೆ. ಸಣ್ಣ 'ಎನ್' ನಕಾರಕ್ಕೆ, ದೊಡ್ಡದು ಣಕಾರಕ್ಕೆ ಎಂದು ಕಟ್ಟಳೆ ಮಾಡಿಕೊಂಡರು. ಒಗ್ಗದವರಿಗೆ ಅದು ಓದಲು ಕಡಲೆ ಹಿಟ್ಟಿನಲ್ಲಿ ಕಲ್ಲು ಸಿಕ್ಕಂತೆ.

ಬೆಂಗಳೂರಿಗೆ ಇದೇನು ಹೊಸದಲ್ಲ ಬಿಡಿ. ನಾನು ಉಳಿದುಕೊಂಡ ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳನ್ನು ಮೂರು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ ಒಂದು ಬಡಾವಣೆ ಮಾಡಿದ್ದಾರೆ. ಅಲ್ಲಿ ಬಾಡಿಗೆಗಿರುವ ಬಹುಪಾಲು ಹುಡುಗರಿಗೆ ಅದರೊಳಗೆ ಊರುಗಳಿವೆ ಎಂಬುದೇ ಗೊತ್ತಿಲ್ಲ.

ಕನ್ನಡ ಯಾಕೆ ಹೋಗುತ್ತಿರಲಿಲ್ಲ? ಕಂಪ್ಯೂಟರಿಗೆ ಅಕ್ಷರ ಎಂದರೆ ಒಂದು ಸಂಖ್ಯೆ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಇ-ಮೇಲ್ ಸಾಗಣೆಯ ನಿಯಮದಲ್ಲಿ 128 ಸಂಖ್ಯೆಗಳಿಗೆ ಮಾತ್ರ ಜಾಗ. ಅದರಲ್ಲಿ ಕಣ್ಣಿಗೆ ಕಾಣುವ ಗುರುತುಗಳು ನೂರಕ್ಕಿಂತ ಕಡಿಮೆ: ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಕಾಮಾ. ಮುಗಿಯಿತು. ಭಾರತದಲ್ಲಿ ಇಸ್ಕಿ ಎಂಬ ಸಂಕೇತ ಪದ್ಧತಿ ಆ ಹೊತ್ತಿಗೆ ತಯಾರಾಗಿತ್ತು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅದನ್ನು ಅಂಗೀಕರಿಸಿತು. ಆದರೆ ಅದರಲ್ಲಿ ಕನ್ನಡ ಅಕ್ಷರಗಳ ಸಂಖ್ಯೆಗಳು ಇದ್ದದ್ದು 128ರ ಆಚೆ. ಹಳೆಯ ಅಂಚೆ ಯಂತ್ರಗಳು ದಾರಿಯಲ್ಲಿ ಅಂಥ ಸಂಖ್ಯೆಯ ತಲೆಯನ್ನೇ ಕತ್ತರಿಸಿ ಮುಂದೆ ಕಳಿಸುತ್ತಿದ್ದವು. ತಲುಪುವಾಗ 'ಅ' ಹೋಗಿ ಇನ್ನೇನೋ ಆಗಿರುತ್ತಿತ್ತು.

ಇದಕ್ಕೆ ಮದ್ದು ಸಿಕ್ಕಿದ್ದು 1992ರಲ್ಲಿ. ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಇಬ್ಬರೂ ಸೇರಿ ಮೈಮ್ ಎಂಬ ಪದ್ಧತಿ ರೂಪಿಸಿದರು. ಆ ವರ್ಷ ಮಾರ್ಚ್ 11ರಂದು ಬೋರೆನ್‌ಸ್ಟೈನ್ ಇ-ಮೇಲ್ ಜೊತೆ ಒಂದು ಫೋಟೊ ಕಳಿಸಿದರು. ಅದರಲ್ಲಿದ್ದವರು ಅವರೂ ಸೇರಿ ನಾಲ್ವರ ಒಂದು ಹಾಡುಗಾರರ ತಂಡ. ಜೊತೆಗೆ ಆ ತಂಡದ ಹಾಡು. ಇ-ಮೇಲ್‌ನಲ್ಲಿ ಚಿತ್ರ ಯಾಕೆ ಬೇಕು ಎಂದು ಕೇಳಿದವರಿಗೆ, ಮುಂದೆ ಮೊಮ್ಮಕ್ಕಳ ಫೋಟೊ ನೋಡಬೇಕಲ್ಲ ಎನ್ನುತ್ತಿದ್ದರಂತೆ. ಅವರು ಇನ್ನೊಂದು ಒಳ್ಳೆಯ ಕೆಲಸ ಮಾಡಿದರು. ಹೊಸ ತಂತ್ರಾಂಶ ಹಾಕಿಕೊಳ್ಳಿ ಎಂದು ಜನರನ್ನು ಒತ್ತಾಯಿಸಲಿಲ್ಲ. ಆಗ ಬಳಕೆಯಲ್ಲಿದ್ದ ಕಪ್ಪು ಪರದೆಯ ಹಲವು ಇ-ಮೇಲ್ ತಂತ್ರಾಂಶಗಳಿಗೆ ಪಕ್ಕದಿಂದ ಅಂಟಿಸಬಹುದಾದ 'ಮೆಟಾಮೇಲ್' ಎಂಬ ಸಹಾಯಕವನ್ನು ಬರೆದು ಹಂಚಿದರು. ಹಳೆ ಎತ್ತಿನ ಗಾಡಿಗೆ ಹೊಸ ಟೈರ್ ಹಾಕಿದ ಹಾಗೆ.

ಮೈಮ್ ಮಾಡುವ ಉಪಾಯ ಸರಳ. ಅಂಚೆ ಯಂತ್ರಕ್ಕೆ ಇಂಗ್ಲಿಷ್ ಅಕ್ಷರ ಮಾತ್ರ ತಿಳಿಯುತ್ತದೆ ತಾನೆ? ಹಾಗಾದರೆ ಏನನ್ನೇ ಆಗಲಿ ಇಂಗ್ಲಿಷ್ ಅಕ್ಷರದ ವೇಷ ಹಾಕಿ ಕಳಿಸು, ತಲುಪಿದ ಮೇಲೆ ವೇಷ ಕಳಚು. ಈ ವೇಷದಲ್ಲಿ ನಮ್ಮ 'ಕ' ಅಕ್ಷರ ಹೋಗುವುದು "4, ಎಲ್, ಕೆ, ವಿ" ಎಂಬ ನಾಲ್ಕು ಗುರುತುಗಳಾಗಿ. ಲೆಕ್ಕ ಹಾಕಿ ನೋಡಿದೆ, ಇಂದಿನ ಪದ್ಧತಿಯಲ್ಲಿ ಕನ್ನಡ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಸಾಗುವಾಗ ಪ್ರತಿಯೊಂದೂ 4 ಮತ್ತು ಎಲ್‌ನಿಂದಲೇ ಶುರುವಾಗುತ್ತದೆ. ಯಾವಾಗಲಾದರೂ ನಿಮ್ಮ ಇ-ಮೇಲ್‌ನ ವಿಷಯದ ಸಾಲಿನಲ್ಲಿ ಹೀಗೆ 4ಎಲ್, 4ಎಲ್ ಎಂದು ಮತ್ತೆ ಮತ್ತೆ ಬರುವ ಗೋಜಲು ಕಂಡರೆ ಹೆದರಬೇಡಿ, ವೈರಸ್ ಅಲ್ಲ. ವೇಷ ಕಳಚಲು ಮರೆತ ಕನ್ನಡ ಅದು.

ಸಾಗಿಸುವ ದಾರಿ 1992ಕ್ಕೇ ಆಯಿತು. ಅದಕ್ಕೂ ಮುಂಚೆ, 1991ರ ಅಕ್ಟೋಬರಿನಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಜಗತ್ತಿನ ಎಲ್ಲ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಖಾಯಂ ಸಂಖ್ಯೆ ಕೊಡುವ ಪಟ್ಟಿ ಅದು. ಹಾಗಿದ್ದರೂ ನಾವು ಹದಿನೈದು ಇಪ್ಪತ್ತು ವರ್ಷ ಒದ್ದಾಡಿದ್ದೇಕೆ?

ಇದು ನನ್ನ ಹೊಟ್ಟೆಪಾಡಿನ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯೂನಿಕೋಡ್ ಪಟ್ಟಿ ಬಂದರೂ ಕಂಪ್ಯೂಟರುಗಳಲ್ಲಿ ಅದನ್ನು ತೋರಿಸುವ ವ್ಯವಸ್ಥೆ ಬೇಗ ಬರಲಿಲ್ಲ. ವಿಂಡೋಸ್‌ಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಕಾಯಲು ಪತ್ರಿಕೆಗಳಿಗೆ, ಕಚೇರಿಗಳಿಗೆ ಆಗುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಮನೆಮಾತಾಯಿತು. ಇವರಿಲ್ಲದಿದ್ದರೆ ಕನ್ನಡ ಕಂಪ್ಯೂಟರಿಗೆ ಹತ್ತುತ್ತಲೇ ಇರಲಿಲ್ಲ, ಆ ಋಣ ದೊಡ್ಡದು. ಆದರೆ ಆಗಿನ ಕನ್ನಡ ಒಂದು ಮುಖವಾಡ. ಒಳಗೆ ಇಂಗ್ಲಿಷ್ ಅಕ್ಷರದ ಸಂಖ್ಯೆಗಳೇ ಇರುತ್ತವೆ, ಮೇಲೆ ಕನ್ನಡದ ಫಾಂಟ್ ಹೊದಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಹೊದಿಕೆ ಜಾರುತ್ತದೆ. 'ಕನ್ನಡ' ಎಂಬ ಪದವೇ ಇಂಗ್ಲಿಷ್ 'ಪಿ', ನೆತ್ತಿಯ ಮೇಲೆ ಗೀರಿರುವ 'ಎ', ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಹೀಗೆ ಕಾಣುತ್ತದೆ. ತಾಲ್ಲೂಕು ಕಚೇರಿಯ ಸುತ್ತೋಲೆಯನ್ನು ಫೋನಿನಲ್ಲಿ ತೆರೆದು ಇದನ್ನು ನೋಡದವರು ನಿಮ್ಮಲ್ಲಿ ಯಾರಿದ್ದೀರಿ?

ನಾನು ವರದಿಗಾರಿಕೆಗೆ ಬಂದ ಹೊಸದರಲ್ಲಿ ಒಂದು ಪತ್ರಿಕೆಯ ಡೆಸ್ಕಿಗೆ ಫೋನಿನಿಂದಲೇ ಯೂನಿಕೋಡ್‌ನಲ್ಲಿ ಸುದ್ದಿ ಟೈಪ್ ಮಾಡಿ ಕಳಿಸುತ್ತಿದ್ದೆ. ಅವರ ಪುಟ ಕಟ್ಟುವ ಕಂಪ್ಯೂಟರಿನಲ್ಲಿ ಹಳೆ ಫಾಂಟ್. ಪರಿವರ್ತಕದಲ್ಲಿ ಹಾಕಿದಾಗ ಅರ್ಕಾವತ್ತು ಬಿದ್ದುಹೋಗುತ್ತಿತ್ತು. ಒಮ್ಮೆ "ಕಾರ್ಯದರ್ಶಿ" ಎಂಬ ಪದ ಅಚ್ಚಿನಲ್ಲಿ ಅರ್ಕಾವತ್ತಿಲ್ಲದೆ ಬಂತು. ಆ ಗ್ರಾಮ ಪಂಚಾಯಿತಿಯವರು ನನ್ನನ್ನು ತಿಂಗಳುಗಟ್ಟಲೆ ಆಡಿಕೊಂಡರು. ಡೆಸ್ಕಿನವರು "ನುಡಿಯಲ್ಲೇ ಕಳಿಸ್ರೀ" ಎಂದರು. ನುಡಿ ಇರುವ ಕಂಪ್ಯೂಟರ್ ಇದ್ದದ್ದು ಹನ್ನೆರಡು ಕಿಲೋಮೀಟರ್ ದೂರದ ಡಿಟಿಪಿ ಅಂಗಡಿಯಲ್ಲಿ. ಸಂಜೆ ಆರಕ್ಕೆ ಬಾಗಿಲು ಹಾಕುತ್ತಿದ್ದರು. ಆರರ ನಂತರ ನಡೆದ ಸುದ್ದಿ ಮರುದಿನದ್ದೇ.

ಕಪ್ಪು ಪರದೆಯ ಕಡೆಗೂ ಯೂನಿಕೋಡ್ ತಡವಾಗಿಯೇ ತಲುಪಿತು. ಪೈನ್‌ನ ಕೊನೆಯವರೆಗೂ ಅದರಲ್ಲಿ ಸರಿಯಾದ ಯೂನಿಕೋಡ್ ಬೆಂಬಲ ಇರಲಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯ ಅದನ್ನು ಹೊಸದಾಗಿ ಬರೆದು 'ಆಲ್ಪೈನ್' ಎಂದು ಹೆಸರಿಟ್ಟು, 2007ರ ಡಿಸೆಂಬರಿನಲ್ಲಿ ಹೊರತಂದಿತು. ಹೊಸದರಲ್ಲಿ ಸೇರಿದ ಮುಖ್ಯ ಸೌಲಭ್ಯವೇ ಯೂನಿಕೋಡ್. ಹಂಚಬಾರದೆಂಬ ಹಳೆಯ ಕಟ್ಟಳೆಯನ್ನೂ ಕೈಬಿಟ್ಟರು. ವಿಶ್ವವಿದ್ಯಾಲಯ ಕೈತೊಳೆದುಕೊಂಡ ಮೇಲೆ ಅದನ್ನು ಮುಂದುವರಿಸಿಕೊಂಡು ಬಂದವರು, ಅಷ್ಟು ವರ್ಷ ಹೊರಗಿನಿಂದ ತೇಪೆ ಹಚ್ಚುತ್ತಿದ್ದ ಅದೇ ಚಾಪ್ಪಾ. ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಮನುಷ್ಯ ಇವರೇ.

ಹಾಗಿದ್ದ ಮೇಲೆ ನನ್ನ ಕೆರೆ ಸುದ್ದಿ ಬಿಟಿಎಂ ರೂಮಿನಲ್ಲಿ ಯಾಕೆ ಚೂರಾಯಿತು? ತಪ್ಪು ಇ-ಮೇಲ್ ತಂತ್ರಾಂಶದ್ದಲ್ಲ ಎಂದು ಹುಡುಗ ವಿವರಿಸಿದ. ಅದರ ಕೆಳಗಿರುವ ಕಪ್ಪು ಪರದೆ, ಅಂದರೆ ಟರ್ಮಿನಲ್‌ನದ್ದು. ಆ ಪರದೆ ಮಕ್ಕಳ ಚೌಕಳಿ ಪುಸ್ತಕದಂತೆ. ಒಂದು ಚೌಕಕ್ಕೆ ಒಂದು ಅಕ್ಷರ. ಇಂಗ್ಲಿಷಿಗೆ ಸರಿ. ಚೀನೀ ಅಕ್ಷರ ಅಗಲ, ಅದಕ್ಕೆ ಎರಡು ಚೌಕ ಎಂದು ನಿಯಮ ಮಾಡಿದ್ದಾರೆ. ನಮ್ಮದು? 'ಸ್ತ್ರೀ' ಎಂದು ನಾವು ಓದುವುದು ಒಂದೇ ಅಕ್ಷರವಾಗಿ. ಕಂಪ್ಯೂಟರಿಗೆ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈ ಎಂಬ ಆರು ಸಂಕೇತ. ಆರಕ್ಕೂ ಸೇರಿ ಎಷ್ಟು ಚೌಕ? ಇ-ಮೇಲ್ ತಂತ್ರಾಂಶ ಒಂದು ಲೆಕ್ಕ ಹಾಕುತ್ತದೆ, ಟರ್ಮಿನಲ್ ಇನ್ನೊಂದು ಲೆಕ್ಕ ಹಾಕುತ್ತದೆ, ಫಾಂಟ್ ತನಗೆ ಬೇಕಾದಷ್ಟು ಹರಡಿಕೊಳ್ಳುತ್ತದೆ. ಮೂವರ ಜಗಳದಲ್ಲಿ ಅಕ್ಷರ ಚೂರು. ಅರ್ಕಾವತ್ತು ಇನ್ನೂ ತರಲೆ: 'ಅರ್ಕ' ಎನ್ನುವಾಗ ರಕಾರದ ಸಂಕೇತ ಮೊದಲು ಬರುತ್ತದೆ, ಬರೆಯುವುದು ಮಾತ್ರ ಕಕಾರದ ಬಲಕ್ಕೆ. ಚೌಕ ದಾಟಿ ಹಿಂದುಮುಂದಾಗುವ ಇಂಥ ಅಕ್ಷರವನ್ನು ಚೌಕಳಿ ಮಾಡಿದವರು ನೆನೆಸಿರಲಿಲ್ಲ.

ನಮ್ಮ ಲಿಪಿಗಳನ್ನು ಗಮನದಲ್ಲಿಟ್ಟ ಒಂದೆರಡು ಟರ್ಮಿನಲ್‌ಗಳು ಇವೆ. ಹುಡುಗ ಅವುಗಳಲ್ಲೊಂದನ್ನು ಹಾಕಿ ಅದೇ ಪತ್ರ ತೆರೆದ. ಬಹುಪಾಲು ಸರಿ ಬಂತು. ಸಾಲಿನ ಕೊನೆಗೆ ಹೋದಾಗ ಮಾತ್ರ ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ.

"ಅಣ್ಣ, ಮುರಿದು ಬೀಳೋ ಪದಗಳು ಹತ್ತು ಹೇಳಿ. ಇದನ್ನ ಬರೆದವರಿಗೆ ದೋಷ ವರದಿ ಕಳಿಸ್ತೀನಿ, ಆದರೆ ತಿದ್ದುಪಡೀನೂ ಪ್ರಯತ್ನ ಮಾಡ್ತೀನಿ" ಎಂದ. ರಾತ್ರಿ ಹನ್ನೊಂದೂವರೆ. ಕೆಳಗೆ ರಸ್ತೆಯಲ್ಲಿ ಗೋಬಿ ಗಾಡಿಯವನು ಕಟ್ಟಿಕೊಂಡು ಹೊರಡುತ್ತಿದ್ದ. ನಾನು ಸುದ್ದಿಯಿಂದಲೇ ಆರಿಸಿ ಹೇಳುತ್ತಾ ಹೋದೆ: ಕಾರ್ಯದರ್ಶಿ, ಕ್ಷೇತ್ರ, ಸರ್ವೆ, ರಾಷ್ಟ್ರೀಯ, ದುರಸ್ತಿ, ಸ್ತ್ರೀಶಕ್ತಿ, ಅರ್ಜಿ, ಜಲಾನಯನ ಪ್ರದೇಶ, ತಹಶೀಲ್ದಾರ್, ಒತ್ತುವರಿ. ಅವನು ಒಂದೊಂದನ್ನೂ ಟೈಪ್ ಮಾಡಿ, ಪಕ್ಕದಲ್ಲಿ ಅದಕ್ಕೆ ಎಷ್ಟು ಚೌಕ ಬೇಕು ಎಂದು ಬೆರಳಲ್ಲಿ ಎಣಿಸಿ ಬರೆದುಕೊಂಡ.